ಕಡಲಾಳದ ಸಾಕ್ಷಿ: ವಿಲಿಯಂ ಬೀಬಿ

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಆದರೆ ಕಂಡವರು ಒಬ್ಬಿಬ್ಬರೇ ಆಗಿ, ಕಂಡ ವಸ್ತು ಮತ್ತೆಂದೂ ಯಾರ ಕಣ್ಣಿಗೂ ಬೀಳದೆ ಹೋದರೆ ಪ್ರಮಾಣಿಸುವುದು ಹೇಗೆ? ಇತಿಹಾಸದ ವಿದ್ಯಾರ್ಥಿಯಾದ ನನಗೆ ಈ ಪ್ರಶ್ನೆ ಹೊಸದಲ್ಲ. ಒಂದೇ ಒಂದು ಶಾಸನ, ಒಬ್ಬನೇ ಪ್ರವಾಸಿಯ ಬರಹ, ಇಂಥವುಗಳ ಬೆಲೆಯನ್ನು ತೂಗುವುದೇ ನಮ್ಮ ವ್ಯಾಸಂಗದ ಬಹುಭಾಗ. ಇದೇ ಪ್ರಶ್ನೆ ಜೀವವಿಜ್ಞಾನದಲ್ಲಿಯೂ ಎದ್ದುನಿಂತದ್ದು ಅಮೆರಿಕದ ಪ್ರಕೃತಿವಿಜ್ಞಾನಿ ವಿಲಿಯಂ ಬೀಬಿಯ ಬಾಳಿನಲ್ಲಿ. ಆದುದರಿಂದಲೇ ಮತ್ಸ್ಯಶಾಸ್ತ್ರವನ್ನು ಓದದ ನಾನು ಆತನ ಕಥೆಯನ್ನು ಹೇಳಲು ಹೊರಟಿದ್ದೇನೆ.

ಬೀಬಿ ೧೮೭೭ರ ಜುಲೈ ೨೯ರಂದು ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಜನಿಸಿದನು. ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಓದಿದನಾದರೂ ಪದವಿಯನ್ನು ಪಡೆಯಲಿಲ್ಲ. ೧೮೯೯ರಲ್ಲಿ ನ್ಯೂಯಾರ್ಕ್ ಪ್ರಾಣಿಶಾಸ್ತ್ರ ಸಂಘದ ಮೃಗಾಲಯದಲ್ಲಿ ಪಕ್ಷಿವಿಭಾಗದ ಕೆಲಸಕ್ಕೆ ಸೇರಿದನು. ನವಿಲು, ಕಾಡುಕೋಳಿಗಳ ಬಂಧುಗಳಾದ ಫೆಸೆಂಟ್ ಹಕ್ಕಿಗಳನ್ನು ಅವುಗಳ ನೆಲೆಯಲ್ಲಿಯೇ ನೋಡಬೇಕೆಂದು ೧೯೦೯ರಿಂದ ೧೯೧೧ರವರೆಗೆ ಸಿಂಹಳ, ಹಿಮಾಲಯ, ಬರ್ಮಾ, ಬೋರ್ನಿಯೋ, ಚೀನ ಮುಂತಾದ ಕಡೆ ಅಲೆದನು. ಆ ಶ್ರಮದ ಫಲವಾಗಿ ೧೯೧೮ರಿಂದ ೧೯೨೨ರೊಳಗೆ ನಾಲ್ಕು ಬೃಹತ್ ಸಂಪುಟಗಳು ಹೊರಬಂದವು. ಪ್ರಾಣಿಯನ್ನು ಸತ್ತ ಮೇಲೆ ಮೇಜಿನ ಮೇಲಿಟ್ಟು ನೋಡಿದರೆ ಸಾಲದು, ಬದುಕಿರುವಾಗ ಅದರ ಮನೆಗೇ ಹೋಗಿ ನೋಡಬೇಕು ಎಂಬುದು ಆತನ ಜೀವನದ ನಿಷ್ಠೆಯಾಗಿತ್ತು.

ಈ ನಿಷ್ಠೆಯೇ ಆತನನ್ನು ಕಡಲಿಗೆ ಇಳಿಸಿತು. ೧೯೨೯ರಿಂದ ಬರ್ಮುಡಾ ದ್ವೀಪಸಮೂಹದ ನಾನ್‌ಸಚ್ ಎಂಬ ಕಿರುದ್ವೀಪದಲ್ಲಿ ನೆಲೆಸಿ ಬೀಬಿ ಆಳಕಡಲಿಗೆ ಬಲೆಗಳನ್ನು ಎಳೆಸಿದನು. ಬಲೆಯೊಳಗೆ ಬಂದ ಮೀನುಗಳು ಸತ್ತಿರುತ್ತಿದ್ದವು, ಇಲ್ಲವೇ ಸಾಯುತ್ತಿದ್ದವು. ಬಣ್ಣ ಮಾಸಿ, ಮೈಯ ದೀಪಗಳು ಆರಿಹೋಗಿರುತ್ತಿದ್ದವು. ಚುರುಕಾದವೂ ದೊಡ್ಡವೂ ಬಲೆಗೆ ಸಿಗದೆ ಜಾರಿಕೊಳ್ಳುತ್ತಿರಬೇಕೆಂಬ ಶಂಕೆಯೂ ಆತನಿಗಿತ್ತು.

ಆಗ ನೆರವಿಗೆ ಬಂದವನು ಓಟಿಸ್ ಬಾರ್ಟನ್ ಎಂಬ ಸಿರಿವಂತ ಯುವ ಎಂಜಿನಿಯರ್. ಆತ ತನ್ನ ಸ್ವಂತ ಹಣದಿಂದ ಒಂದು ಉಕ್ಕಿನ ಗೋಳವನ್ನು ಎರಕ ಹೊಯ್ಯಿಸಿದನು. ಅದು ವಿಪರೀತ ಭಾರವಾದುದರಿಂದ ಕರಗಿಸಿ, ಹಗುರಾದ ಇನ್ನೊಂದನ್ನು ಮಾಡಿಸಬೇಕಾಯಿತು. ಇದೇ ಬ್ಯಾಥಿಸ್ಫಿಯರ್. ಇದರ ವ್ಯಾಸ ೪ ಅಡಿ ೯ ಅಂಗುಲ. ಕಿಟಕಿಗಳಿಗೆ ೩ ಅಂಗುಲ ದಪ್ಪದ ಸ್ಫಟಿಕಶಿಲೆಯ ಗಾಜು. ೪೦೦ ಪೌಂಡು ತೂಕದ ಬಾಗಿಲನ್ನು ಹೊರಗಿನಿಂದ ಬೋಲ್ಟು ಹಾಕಿ ಬಿಗಿಯುತ್ತಿದ್ದರು. ಒಳಗಿದ್ದವರು ತಾವಾಗಿ ತೆರೆದು ಬರುವಂತಿರಲಿಲ್ಲ. ಉಸಿರಿಗೆ ಆಮ್ಲಜನಕದ ಸಿಲಿಂಡರುಗಳು, ಇಂಗಾಲಾಮ್ಲವನ್ನು ಹೀರಲು ಸೋಡಾಸುಣ್ಣ. ಗಾಳಿಯಾಡಿಸಲು ಇದ್ದದ್ದು ನಮ್ಮ ಮನೆಗಳಲ್ಲಿರುವಂಥ ತಾಳೆಗರಿಯ ಬೀಸಣಿಗೆ! ಒಂದೇ ಒಂದು ಉಕ್ಕಿನ ಹಗ್ಗಕ್ಕೆ ಗೋಳವನ್ನು ಕಟ್ಟಿ ಕೆಳಗೆ ಬಿಡುತ್ತಿದ್ದರು. ಬೀಬಿ ಕಿಟಕಿಯಲ್ಲಿ ಕಂಡುದನ್ನು ಟೆಲಿಫೋನಿನಲ್ಲಿ ಹೇಳುತ್ತಿದ್ದರೆ, ಮೇಲೆ ಗ್ಲೋರಿಯಾ ಹಾಲಿಸ್ಟರ್ ಎಂಬ ವಿಜ್ಞಾನಿ ಬರೆದುಕೊಳ್ಳುತ್ತಿದ್ದಳು.

೧೯೩೦ರ ಜೂನ್ ೬ರಂದು ಇಬ್ಬರೂ ೮೦೩ ಅಡಿ ಇಳಿದರು. ಅದೇ ತಿಂಗಳ ೧೧ರಂದು ೧,೪೨೬ ಅಡಿ. ೧೯೩೨ರಲ್ಲಿ ಗೋಳವನ್ನು ಬರಿದಾಗಿ ಇಳಿಸಿ ಪರೀಕ್ಷಿಸಿದಾಗ ಕಿಟಕಿಯ ಬಳಿ ಸೋರಿ, ಅದು ನೀರು ತುಂಬಿಕೊಂಡು ಮೇಲೆ ಬಂದಿತು. ಬಾಗಿಲನ್ನು ಸಡಿಲಿಸುತ್ತಿದ್ದಂತೆಯೇ ಒಳಗಿನ ಒತ್ತಡಕ್ಕೆ ಬೋಲ್ಟು ಫಿರಂಗಿಯ ಗುಂಡಿನಂತೆ ಡೆಕ್ಕನ್ನು ದಾಟಿ ಹಾರಿತು. ಒಳಗೆ ಮನುಷ್ಯರಿದ್ದಿದ್ದರೆ ಏನಾಗುತ್ತಿತ್ತೆಂಬುದನ್ನು ಕಣ್ಣಾರೆ ಕಂಡೂ ಬೀಬಿ ಅದೇ ಗೋಳದಲ್ಲಿ ಆ ವರ್ಷದ ಸೆಪ್ಟೆಂಬರ್ ೨೨ರಂದು ೨,೨೦೦ ಅಡಿ ಇಳಿದನು. ೧೯೩೪ರ ಆಗಸ್ಟ್ ೧೫ರಂದು ೩,೦೨೮ ಅಡಿ ಮುಟ್ಟಿದನು. ಅಲ್ಲಿ ನೀರಿನ ಒತ್ತಡ ಪ್ರತಿ ಚದರ ಅಂಗುಲಕ್ಕೆ ಸುಮಾರು ೧,೩೫೦ ಪೌಂಡು. ಅದಕ್ಕೂ ಆಳಕ್ಕೆ ಮನುಷ್ಯನು ಇಳಿದದ್ದು ೧೯೪೯ರಲ್ಲಿ. ಇಳಿದವನು ಅದೇ ಬಾರ್ಟನ್.

ಕಿಟಕಿಯಾಚೆ ಬೀಬಿ ಕಂಡದ್ದೇನು? ಕೆಂಪು ಬಣ್ಣ ಮೊದಲು ಮಾಯವಾಯಿತು. ಕೊನೆಗೆ ಉಳಿದ ನೀಲಿಯೂ ಸುಮಾರು ೨,೦೦೦ ಅಡಿಯಲ್ಲಿ ಅಳಿದು ಕತ್ತಲೆ ಕವಿಯಿತು. ಆ ಕತ್ತಲೆಯಲ್ಲಿ ಮೀನುಗಳು ತಮ್ಮ ದೀಪಗಳನ್ನು ತಾವೇ ಹೊತ್ತು ತಿರುಗುತ್ತಿದ್ದವು. ೧೯೩೨ರಲ್ಲಿ, ಪಕ್ಕೆಯುದ್ದಕ್ಕೂ ತಿಳಿನೀಲಿ ದೀಪಗಳ ಸಾಲಿದ್ದ, ಆರು ಅಡಿಗೆ ಕಡಮೆಯಿಲ್ಲದ ಎರಡು ಮೀನುಗಳನ್ನು ಕಂಡನು. ಮೈಮೇಲೆ ಐದು ಬೆಳಕಿನ ಗೆರೆಗಳಿದ್ದ ದುಂಡು ಮೀನೊಂದು, ತಲೆಯ ಮೇಲೆ ಮೂರು ದೀಪಗಳಿದ್ದ ಗಾಳಮೀನೊಂದು ೧೯೩೪ರಲ್ಲಿ ಕಾಣಿಸಿದವು. ಇವೆಲ್ಲಕ್ಕೂ ಆತ ಲ್ಯಾಟಿನ್ ಹೆಸರುಗಳನ್ನಿಟ್ಟನು. ಆತನ ವಿವರಣೆ ಕೇಳಿ ಎಲ್ಸೆ ಬಾಸ್ಟಲ್‌ಮನ್ ಎಂಬ ಕಲಾವಿದೆ ಚಿತ್ರಗಳನ್ನು ಬರೆದಳು.

ಇಲ್ಲಿಯೇ ತಕರಾರು ಎದ್ದಿತು. ಹೊಸ ಜೀವಿಗೆ ಹೆಸರಿಡುವವನು ಅದರ ದೇಹವನ್ನು ಮ್ಯೂಸಿಯಮ್ಮಿನಲ್ಲಿ ಇರಿಸಬೇಕು, ಸಂಶಯ ಬಂದವರು ಹೋಗಿ ಪರೀಕ್ಷಿಸುವಂತಿರಬೇಕು ಎಂಬುದು ವಿಜ್ಞಾನಿಗಳ ರೂಢಿ. ಬೀಬಿಯ ಬಳಿ ದೇಹವೂ ಇರಲಿಲ್ಲ, ಛಾಯಾಚಿತ್ರವೂ ಇರಲಿಲ್ಲ. ಮತ್ಸ್ಯಶಾಸ್ತ್ರಜ್ಞ ಕಾರ್ಲ್ ಹಬ್ಸ್ ೧೯೩೫ರಲ್ಲಿ ಬೀಬಿಯ ಗ್ರಂಥವನ್ನು ವಿಮರ್ಶಿಸುತ್ತ ಕಟುವಾದ ಸಂಶಯವನ್ನು ವ್ಯಕ್ತಪಡಿಸಿದನು. ಐದು ಗೆರೆಯ ಆ ಮೀನು, ಉಸಿರಿನಿಂದ ಮಸುಕಾದ ಗಾಜಿನ ಮೂಲಕ ಕಂಡ ಹೊಳೆಯುವ ಲೋಳೆಜೀವಿಯಾಗಿರಬಹುದು ಎಂಬುದು ಆತನ ಊಹೆ. ಅನಂತರದ ದಶಕಗಳಲ್ಲಿ ಎಷ್ಟೋ ಸಂಶೋಧನ ನೌಕೆಗಳು ಕ್ಯಾಮೆರಾ ಹೊತ್ತು ಕಡಲಾಳಕ್ಕಿಳಿದಿವೆ. ಬೀಬಿಯ ಆ ಮೀನುಗಳು ಮಾತ್ರ ಮತ್ತೆ ಕಾಣಲಿಲ್ಲ.

ಹಾಗಾದರೆ ಬೀಬಿ ಸುಳ್ಳುಗಾರನೇ? ನನಗೆ ಹಾಗೆನ್ನಿಸುವುದಿಲ್ಲ. ಕಿಟಕಿಯ ಬಳಿ ಆಗಾಗ ಸಿಡಿಯುತ್ತಿದ್ದ ಬೆಳಕಿನ ಸ್ಫೋಟ ಆತನಿಗೆ ಬಹುಕಾಲ ಒಗಟಾಗಿತ್ತು. ಬಿಡದೆ ಗಮನಿಸಿ, ಅದು ಸಿಗಡಿಯೊಂದು ಉಗುಳುವ ಹೊಳೆಯುವ ದ್ರವವೆಂದು ಆತನೇ ಪತ್ತೆ ಮಾಡಿದನು. ತನ್ನ ಕಣ್ಣನ್ನೇ ಹೀಗೆ ಪರೀಕ್ಷಿಸಿಕೊಂಡವನ ಮಾತನ್ನು ಸುಮ್ಮನೆ ತಳ್ಳಿಹಾಕಲಾಗದು. ನಾಲ್ಕು ಮೀಟರಿಗೂ ಉದ್ದದ ಮೆಗಾಮೌತ್ ಶಾರ್ಕ್ ೧೯೭೬ರಲ್ಲಿ ಹವಾಯಿ ಬಳಿ ಸಿಕ್ಕುವವರೆಗೆ ವಿಜ್ಞಾನಕ್ಕೆ ಅಪರಿಚಿತವಾಗಿಯೇ ಇತ್ತು. ಕಡಲು ದೊಡ್ಡ ಪ್ರಾಣಿಗಳನ್ನೂ ಬಚ್ಚಿಡಬಲ್ಲುದು. ಆದರೆ ಇನ್ನೊಂದು ಪಕ್ಷವೂ ಇದೆ. ೧೯೬೦ರಲ್ಲಿ ಟ್ರಿಯೆಸ್ಟೆ ನೌಕೆಯಲ್ಲಿ ಸುಮಾರು ೧೦,೯೦೦ ಮೀಟರ್ ಇಳಿದ ಜಾಕ್ ಪಿಕಾರ್ ಅಲ್ಲಿ ಚಪ್ಪಟೆ ಮೀನನ್ನು ಕಂಡೆನೆಂದನು. ೨೦೨೨ರಲ್ಲಿ ಕ್ಯಾಮೆರಾಕ್ಕೆ ಮೀನು ಸಿಕ್ಕಿದ್ದು ೮,೩೩೬ ಮೀಟರಿನಲ್ಲಿ. ಅದಕ್ಕಿಂತ ಬಹಳ ಕೆಳಗೆ ಮೀನಿನ ದೇಹ ಒತ್ತಡವನ್ನು ತಾಳಲಾರದೆಂದು ಇಂದಿನ ಶಾಸ್ತ್ರಜ್ಞರು ತರ್ಕಿಸುತ್ತಾರೆ. ಪ್ರಾಮಾಣಿಕನ ಕಣ್ಣೂ ಆಳದಲ್ಲಿ ಮೋಸಹೋಗಬಹುದು.

ಆದುದರಿಂದ ನನ್ನ ತೀರ್ಮಾನ ಇಷ್ಟು. ಏನನ್ನೋ ಕಂಡೆನೆಂಬ ಬೀಬಿಯ ಸಾಕ್ಷ್ಯವನ್ನು ನಂಬುತ್ತೇನೆ. ಅದು ಇಂಥದೇ ಜಾತಿಯ ಮೀನೆಂಬ ತೀರ್ಪನ್ನು ಬಾಕಿ ಇಡುತ್ತೇನೆ. ಶಾಸನದ ಅಕ್ಷರವೇ ಬೇರೆ, ಅದರ ಅರ್ಥ ಹೇಳುವವರ ಮಾತೇ ಬೇರೆ ಎಂದು ನಮ್ಮ ಅಧ್ಯಾಪಕರು ಕಲಿಸುವುದೂ ಇದನ್ನೇ ಅಲ್ಲವೇ?

೧೯೩೪ರ ಬಳಿಕ ಬೀಬಿ ಗೋಳದ ಹಂಬಲವನ್ನು ಬಿಟ್ಟು ಕ್ರಮೇಣ ಕಾಡಿಗೆ ಹಿಂದಿರುಗಿದನು. ಟ್ರಿನಿಡಾಡಿನ ಅರೀಮಾ ಕಣಿವೆಯಲ್ಲಿ, ನಮ್ಮ ಗಿರಿಧಾಮದ ಹೆಸರನ್ನೇ ಹೊತ್ತ ಸಿಮ್ಲಾ ಎಂಬ ಸಂಶೋಧನ ಕೇಂದ್ರವನ್ನು ಸ್ಥಾಪಿಸಿ, ಹುಳಹುಪ್ಪಟೆಗಳನ್ನು ನೋಡುತ್ತ ಮುಪ್ಪನ್ನು ಕಳೆದನು. ೧೯೬೨ರ ಜೂನ್ ೪ರಂದು ಅಲ್ಲಿಯೇ ತೀರಿಕೊಂಡನು. ಆ ಆರಡಿಯ ಮೀನಿಗೆ ಆತನಿಟ್ಟ ಹೆಸರು ಬ್ಯಾಥಿಸ್ಫೀರಾ ಇಂಟ್ಯಾಕ್ಟಾ. ಇಂಟ್ಯಾಕ್ಟಾ ಎಂದರೆ ಯಾರೂ ಮುಟ್ಟದ್ದು ಎಂದರ್ಥ. ಇಂದಿಗೂ ಅದನ್ನು ಯಾರೂ ಮುಟ್ಟಿಲ್ಲ.