ಹಂಟರ್‌ನ ಎರಡು ಮೀನುಗಳು

ಕೆಲವು ವರ್ಷಗಳ ಹಿಂದೆ ನಮ್ಮ ಹಿರಿಯ ಬಂಧುವೊಬ್ಬರು ತೀರಿಕೊಂಡಾಗ, ಅಮೆರಿಕದಲ್ಲಿದ್ದ ಮಗ ಬಂದು ಸೇರುವವರೆಗೆ ಎರಡು ದಿನ ಅವರ ಪಾರ್ಥಿವ ಶರೀರವನ್ನು ಬಾಡಿಗೆಗೆ ತಂದ ಫ್ರೀಜರ್ ಪೆಟ್ಟಿಗೆಯಲ್ಲಿ ಇರಿಸಿದ್ದೆವು. ಅಲ್ಲಿ ಕುಳಿತಿದ್ದವರಲ್ಲೊಬ್ಬರು, ಅಮೆರಿಕದಲ್ಲಿ ಮೃತರನ್ನು ಹೀಗೆಯೇ ಶೈತ್ಯದಲ್ಲಿಟ್ಟು, ಮುಂದೊಂದು ಕಾಲಕ್ಕೆ ಬದುಕಿಸಬಹುದೆಂಬ ಭರವಸೆ ಕೊಡುವ ಸಂಸ್ಥೆಗಳಿವೆಯಂತೆ ಎಂದು ಮೆಲ್ಲಗೆ ಹೇಳಿದರು. ಯಾರೂ ನಗಲಿಲ್ಲ, ನಂಬಲೂ ಇಲ್ಲ. ಜನಸಾಮಾನ್ಯರ ಈ ಅಪನಂಬಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವವರಿದ್ದಾರೆ. ಅಂಥವರ ವಾದ ಓದಿದಾಗಲೆಲ್ಲ ನನಗೆ ಹದಿನೆಂಟನೆಯ ಶತಮಾನದ ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ ನೆನಪಾಗುತ್ತಾನೆ. ಇದೇ ಆಸೆ ಆತನಿಗೂ ಇತ್ತು. ಆತ ಅದನ್ನು ಪರೀಕ್ಷೆಗೊಡ್ಡಿದ. ಫಲ ಕಂಡು ಕೈಬಿಟ್ಟ.

1728ರಲ್ಲಿ ಸ್ಕಾಟ್ಲೆಂಡಿನ ಲಾಂಗ್ ಕ್ಯಾಲ್ಡರ್‌ವುಡ್‌ನಲ್ಲಿ ಹತ್ತು ಮಕ್ಕಳಲ್ಲಿ ಕಡೆಯವನಾಗಿ ಹುಟ್ಟಿದ ಹಂಟರ್‌ಗೆ ಶಾಲೆ ಒಗ್ಗಲಿಲ್ಲ. 1748ರಲ್ಲಿ ಲಂಡನ್ನಿಗೆ ಬಂದು ಅಣ್ಣ ವಿಲಿಯಂನ ಅಂಗರಚನಾ ಶಾಲೆಯಲ್ಲಿ ಶವಚ್ಛೇದನದ ಕೆಲಸಕ್ಕೆ ನಿಂತ. ಕಾನೂನಿನ ಪ್ರಕಾರ ದೊರೆಯುತ್ತಿದ್ದ ಶವಗಳು ವಿರಳ. ಉಳಿದವು ಸ್ಮಶಾನಗಳಿಂದ ರಾತ್ರೋರಾತ್ರಿ ಕದ್ದು ಬರುತ್ತಿದ್ದವು. 1761ರಲ್ಲಿ ಸೇನಾವೈದ್ಯನಾಗಿ ಫ್ರಾನ್ಸಿನ ಬೆಲ್ ಈಲ್ ದ್ವೀಪಕ್ಕೆ ಹೋದ. ಗುಂಡು ಹೊಕ್ಕ ಗಾಯವನ್ನು ಕೊಯ್ದು ಹಿಗ್ಗಿಸುವುದು ಅಂದಿನ ಪದ್ಧತಿ. ಹಾಗೆ ಮಾಡದಿದ್ದರೂ ಗಾಯ ಮಾಯುವುದನ್ನು ಕಂಡು ಆತ ಆ ಪದ್ಧತಿಯನ್ನೇ ವಿರೋಧಿಸಿದ. ಗುರುವಾಕ್ಯಕ್ಕಿಂತ ಪ್ರಯೋಗವನ್ನು ನಂಬುವ ಸ್ವಭಾವ ಆತನದು.

1766ರಲ್ಲಿ ಹಂಟರ್ ಗೆಂಡೆ ಜಾತಿಯ ಎರಡು ಮೀನುಗಳನ್ನು ನದಿಯ ನೀರು ತುಂಬಿದ ಗಾಜಿನ ಪಾತ್ರೆಯಲ್ಲಿ ಬಿಟ್ಟು, ಪಾತ್ರೆಯನ್ನು ಘನೀಕರಿಸುವ ಮಿಶ್ರಣದಲ್ಲಿ ಇರಿಸಿದ. ಮನುಷ್ಯನನ್ನು ಹಿಮಪ್ರದೇಶದಲ್ಲಿ ಹೆಪ್ಪುಗಟ್ಟಿಸಿ ಇಟ್ಟರೆ ಆಯುಷ್ಯವನ್ನು ಬೇಕಾದಷ್ಟು ಹಿಗ್ಗಿಸಬಹುದೆಂದು ಆತ ಎಣಿಸಿದ್ದ. ಬಾಳಿನ ಕಡೆಯ ಹತ್ತು ವರ್ಷಗಳನ್ನು ಇದಕ್ಕೆ ಮೀಸಲಿಟ್ಟು, ನೂರು ವರ್ಷಕ್ಕೊಮ್ಮೆ ಕರಗಿ ಎದ್ದು ಲೋಕವಾರ್ತೆ ತಿಳಿದು ಮತ್ತೆ ಮಲಗಿದರೆ ಸಾವಿರ ವರ್ಷ ಬಾಳಬಹುದೆಂಬುದು ಲೆಕ್ಕ. ಮೀನುಗಳು ಸುಲಭಕ್ಕೆ ಸೋಲಲಿಲ್ಲ. ಸುತ್ತ ಹಾಕಿದ ಹಿಮ ಅವುಗಳ ಮೈಶಾಖಕ್ಕೆ ಕರಗಿತು. ಹೊಸ ಹಿಮ ಸುರಿದ, ಅದೂ ಕರಗಿತು. ಸುರಿದು ಸುರಿದು ದಣಿದು, ಕೊನೆಗೆ ಹೊರಗಿನ ಚಳಿಗೆ ಬಿಟ್ಟ. ಇದ್ದ ಶಾಖವನ್ನೆಲ್ಲ ವ್ಯಯಿಸಿದ ಮೇಲೆ ಮೀನುಗಳು ಹೆಪ್ಪುಗಟ್ಟಿದವು. ನಿಧಾನವಾಗಿ ಕರಗಿಸಿದಾಗ ಮೈ ಮೊದಲಿನಂತೆ ಬಾಗಿತು, ಜೀವ ಮರಳಲಿಲ್ಲ.

ಇಷ್ಟನ್ನೂ ಹಂಟರ್ ತನ್ನ ವಿದ್ಯಾರ್ಥಿಗಳ ಮುಂದೆ ಮುಚ್ಚಿಡದೆ ಹೇಳುತ್ತಿದ್ದ. ಇದರಿಂದ ಐಶ್ವರ್ಯ ಗಳಿಸುವ ಕನಸಿತ್ತೆಂಬುದನ್ನೂ, ಎರಡು ಮೀನುಗಳು ತನ್ನ ಭ್ರಮೆ ಬಿಡಿಸಿದವೆಂಬುದನ್ನೂ ಒಪ್ಪಿಕೊಂಡ. ನನಗೆ ಆತನ ಮೇಲೆ ಗೌರವ ಹುಟ್ಟುವುದು ಇಲ್ಲಿ.

ಮೀನು ಸತ್ತದ್ದೇಕೆ ಎಂಬುದು ಇಂದು ನಮಗೆ ಗೊತ್ತು. ಹೆಪ್ಪುಗಟ್ಟುವಾಗ ಹುಟ್ಟುವ ಹಿಮದ ಹರಳುಗಳು ಅಂಗಾಂಶವನ್ನು ಹರಿಯುತ್ತವೆ. ಹೊರಗುಳಿದ ದ್ರವದಲ್ಲಿ ಲವಣ ಸಾಂದ್ರವಾಗಿ ಜೀವಕೋಶದ ನೀರನ್ನು ಹೀರುತ್ತದೆ. ಇದಕ್ಕೆ ಉಪಾಯವೇ ಇಲ್ಲವೆಂದಲ್ಲ. 1949ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಗ್ಲಿಸರಾಲ್ ಬೆರೆಸಿ ವೀರ್ಯಾಣುಗಳನ್ನು ಕಾಪಾಡಿದರು. ಭ್ರೂಣಗಳನ್ನು ಶೈತ್ಯದಲ್ಲಿಡುವುದು ಇಂದು ಬಂಜೆತನ ಚಿಕಿತ್ಸೆಯ ದಿನಚರಿ. ಅಮೆರಿಕದ ಮಿನ್ನೆಸೋಟದಲ್ಲಿ ಅತಿಶೈತ್ಯದಲ್ಲಿ ನೂರು ದಿನಗಳವರೆಗೆ ಕಾದಿರಿಸಿದ ಇಲಿಯ ಮೂತ್ರಪಿಂಡಗಳನ್ನು ಮತ್ತೆ ಇಲಿಗಳಿಗೆ ಕಸಿ ಮಾಡಿದ ವರದಿ 2023ರಲ್ಲಿ ಬಂತು. ಆದರೆ ಮೈನಸ್ 196 ಡಿಗ್ರಿಗೆ ತಂಪಾದ ಇಡೀ ಸಸ್ತನಿಯೊಂದು, ಇಲಿಯಷ್ಟು ಚಿಕ್ಕದಾದರೂ, ಎದ್ದು ಓಡಾಡಿಲ್ಲ. ಆ ತಾಪಮಾನದ ದ್ರವ ಸಾರಜನಕದಲ್ಲಿ 1967ರಿಂದ ಮನುಷ್ಯರ ದೇಹಗಳನ್ನು ಇಡಲಾಗುತ್ತಿದೆ. ಅರಿಜೋನಾದ ಆಲ್ಕೋರ್ ಸಂಸ್ಥೆಯಲ್ಲಿ ಇಡೀ ದೇಹಕ್ಕೆ ಎರಡು ಲಕ್ಷ ಡಾಲರ್‌ಗೂ ಹೆಚ್ಚು ಶುಲ್ಕ. ಹಂಟರ್‌ನ ಮೀನು ಸತ್ತಿತೆಂದು ತಿಳಿಯಲು ಕರಗಿಸಬೇಕಾಯಿತು. ಇಲ್ಲಿ ಕರಗಿಸುವ ದಿನವೇ ನಿಗದಿಯಾಗಿಲ್ಲ. ಆದ್ದರಿಂದ ಸೋಲನ್ನು ಒಪ್ಪುವ ಪ್ರಸಂಗವೂ ಬಾರದು. ಜನರ ಶಂಕೆ ಇದರ ಬಗ್ಗೆಯೇ ಎಂದು ನನ್ನ ಭಾವನೆ.

ಸತ್ತಂತೆ ಕಂಡವರನ್ನು ಮರಳಿ ತರುವ ಆಸೆಯನ್ನು ಹಂಟರ್ ಪೂರ್ತಿ ತೊರೆಯಲಿಲ್ಲ. ನೀರಿನಲ್ಲಿ ಮುಳುಗಿದವರ ಬಗ್ಗೆ 1776ರಲ್ಲಿ ರಾಯಲ್ ಸೊಸೈಟಿಗೆ ಪ್ರಬಂಧ ಬರೆದ. ಜೀವಕ್ರಿಯೆ ತಾತ್ಕಾಲಿಕವಾಗಿ ನಿಂತಿರುವುದು ಬೇರೆ, ಸಾವು ಬೇರೆ ಎಂದು ವಿಂಗಡಿಸಿ, ತಿದಿಯಿಂದ ಶ್ವಾಸಕೋಶಕ್ಕೆ ಗಾಳಿ ಊದಬೇಕು, ಅಂಥವರ ರಕ್ತ ತೆಗೆಯಬಾರದು ಎಂದು ವಾದಿಸಿದ. ಶತಮಾನಗಳ ಮಾತು ಬಿಟ್ಟು ನಿಮಿಷಗಳ ಮಾತಿಗೆ ಬಂದಿದ್ದ ಎನ್ನಬಹುದು.

ಆತನನ್ನು ಸಂತನಾಗಿಸುವ ಉದ್ದೇಶ ನನಗಿಲ್ಲ. ಐರ್ಲೆಂಡಿನ ದೈತ್ಯನೆಂದು ಹೆಸರಾಗಿದ್ದ ಚಾರ್ಲ್ಸ್ ಬರ್ನ್, ಅಂಗರಚನಾಕಾರರ ಕೈಗೆ ಸಿಗಬಾರದೆಂದು ತನ್ನ ಶವವನ್ನು ಸಮುದ್ರದಲ್ಲಿ ಮುಳುಗಿಸಲು ಗೆಳೆಯರಿಂದ ಮಾತು ಪಡೆದಿದ್ದ. 1783ರಲ್ಲಿ ಆತ ಸತ್ತಾಗ ಹಂಟರ್ ಲಂಚ ಕೊಟ್ಟು ಶವವನ್ನು ತರಿಸಿಕೊಂಡ, ಬೇಯಿಸಿ ಎಲುಬು ಬಿಡಿಸಿದ. ಆ ಅಸ್ಥಿಪಂಜರ ಎರಡು ಶತಮಾನಕ್ಕೂ ಹೆಚ್ಚು ಕಾಲ ಪ್ರದರ್ಶನದಲ್ಲಿತ್ತು. ಲಂಡನ್ನಿನ ಹಂಟೇರಿಯನ್ ಮ್ಯೂಸಿಯಂ 2023ರಲ್ಲಿ ಮರಳಿ ತೆರೆದಾಗ ಅದನ್ನು ತೆರೆಮರೆಗೆ ಸರಿಸಿದರು, ಸಮುದ್ರಕ್ಕೆ ಒಪ್ಪಿಸಲಿಲ್ಲ. ಸತ್ತವನಿಗೆ ಕೊಟ್ಟ ಮಾತನ್ನು ಬದುಕಿದ್ದವರು ಎಷ್ಟು ಕಾಲ ಕಾಯುತ್ತಾರೆ? ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತ್ ಸ್ಮಶಾನದ ನೆಲಮಾಳಿಗೆಯಲ್ಲಿ ಇರಿಸಿದ್ದ ದೇಹಗಳು 1970ರ ದಶಕದಲ್ಲಿ ಹಣ ಸಾಲದೆ ಕರಗಿ ಕೊಳೆತವು. ಅಲ್ಲಿ ಸೋತದ್ದು ವಿಜ್ಞಾನವಲ್ಲ, ಕಾವಲು.

1793ರ ಅಕ್ಟೋಬರ್ 16ರಂದು ಸೇಂಟ್ ಜಾರ್ಜ್ ಆಸ್ಪತ್ರೆಯ ಸಭೆಯಲ್ಲಿ ವಾಗ್ವಾದ ನಡೆದು, ಬಹುಕಾಲದಿಂದ ಎದೆನೋವು ಕಾಡುತ್ತಿದ್ದ ಹಂಟರ್ ಕುಸಿದು ಸತ್ತ. ಆತನ ಇಚ್ಛೆಯಂತೆ ಶವಪರೀಕ್ಷೆ ನಡೆಯಿತು. ಹೃದಯದ ರಕ್ತನಾಳಗಳು ಗಡುಸಾಗಿದ್ದವು.