ಗುಬ್ಬಿಯಿಂದ ಗೀಜಗದವರೆಗೆ: ಡಾ. ಸಲೀಂ ಅಲಿ

ನಮ್ಮ ಶಾಲೆಯ ಶತಮಾನೋತ್ಸವದ ಈ ಸಂಚಿಕೆಯಲ್ಲಿ ಪಕ್ಷಿತಜ್ಞರೊಬ್ಬರ ಬಾಳನ್ನು ಸ್ಮರಿಸುವುದಕ್ಕೆ ಕಾರಣವುಂಟು. 1956ರ ರಾಜ್ಯ ಪುನರ್ವಿಂಗಡನೆಯವರೆಗೆ ಗುಲ್ಬರ್ಗಾ ಜಿಲ್ಲೆಗೆ ಸೇರಿದ್ದ ತಾಂಡೂರು, ಬೀದರ ಜಿಲ್ಲೆಯಲ್ಲಿದ್ದ ನಾರಾಯಣಖೇಡ, ಜಹೀರಾಬಾದುಗಳೆಲ್ಲ ಹೈದರಾಬಾದ್ ಸಂಸ್ಥಾನದ ನೆಲ. ಆ ಸಂಸ್ಥಾನದ ಹಕ್ಕಿಗಳನ್ನು ಮೊದಲ ಬಾರಿಗೆ ಕ್ರಮಬದ್ಧವಾಗಿ ಸಮೀಕ್ಷಿಸಿದವರು ಡಾ. ಸಲೀಂ ಅಲಿ.

1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದ ಅವರು ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರ ಆಶ್ರಯದಲ್ಲಿ ಬೆಳೆದರು. ಬಾಲಕನೊಮ್ಮೆ ಆಟದ ಬಂದೂಕಿನಿಂದ ಉರುಳಿಸಿದ ಗುಬ್ಬಿಯ ಕೊರಳಲ್ಲಿ ಹಳದಿ ಕಲೆಯಿತ್ತು. ಇದಾವ ಹಕ್ಕಿಯೆಂಬ ಪ್ರಶ್ನೆ ಅವನನ್ನು ಮುಂಬಯಿಯ ನಿಸರ್ಗ ಇತಿಹಾಸ ಸಂಘಕ್ಕೆ ಕರೆದೊಯ್ದಿತು. ಕಾರ್ಯದರ್ಶಿ ಮಿಲಾರ್ಡ್ ಅವರು ಗದರಿಸಲಿಲ್ಲ; ಸಂಗ್ರಹದ ಪೆಟ್ಟಿಗೆಗಳನ್ನು ತೆರೆದು ತೋರಿಸಿದರು. ಮಗುವಿನ ಪ್ರಶ್ನೆಗೆ ಹಿರಿಯರೊಬ್ಬರು ಕೊಟ್ಟ ಆ ಸ್ವಲ್ಪ ಹೊತ್ತು ಒಂದು ಬಾಳಿನ ದಿಕ್ಕನ್ನೇ ನಿರ್ಧರಿಸಿತು.

ಮುಂದಿನ ಹಾದಿ ಸುಗಮವಾಗಿರಲಿಲ್ಲ. ಗಣಿತವು ಅವರಿಗೆ ಒಲಿಯಲಿಲ್ಲ. ವಿಶ್ವವಿದ್ಯಾಲಯದ ಪದವಿಯಿಲ್ಲದ ಕಾರಣ ಸರಕಾರಿ ಪಕ್ಷಿತಜ್ಞರ ಹುದ್ದೆ ಕೈತಪ್ಪಿತು. ಬರ್ಲಿನ್ನಿನಲ್ಲಿ ಪ್ರೊ. ಸ್ಟ್ರೆಸ್ಮಾನ್ ಅವರಲ್ಲಿ ಅಭ್ಯಾಸ ಮಾಡಿ 1930ರಲ್ಲಿ ಮರಳಿದಾಗ ವಸ್ತುಸಂಗ್ರಹಾಲಯದ ಕೆಲಸವೂ ಉಳಿದಿರಲಿಲ್ಲ. ಸಮುದ್ರ ತೀರದ ಕಿಹೀಂ ಗ್ರಾಮದಲ್ಲಿ ನೆಲೆಸಿದ ಅವರು ಆ ನಿರುದ್ಯೋಗದ ದಿನಗಳನ್ನು ಗೀಜಗನ ಗೂಡುಗಳೆದುರು ಕಳೆದರು. ಗಂಡು ಗೂಡನ್ನು ಅರ್ಧ ಹೆಣೆಯುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಗೂಡು ಪೂರ್ಣಗೊಳ್ಳುತ್ತದೆ. ಬಳಿಕ ಗಂಡು ಇನ್ನೊಂದು ಗೂಡಿಗೆ ತೊಡಗುತ್ತದೆ. ಈ ಸಂಗತಿಗಳನ್ನು ಅವರು ತಾಳ್ಮೆಯಿಂದ ದಾಖಲಿಸಿದರು. ಗುಬ್ಬಿ, ಗೀಜಗಗಳನ್ನು ಹಿಂದೆ ಒಂದೇ ಕುಟುಂಬದಲ್ಲಿ ಎಣಿಸುತ್ತಿದ್ದರು. ಇಂದು ಅವು ಬೇರೆ ಬೇರೆ ಕುಟುಂಬಗಳು.

1931ರಲ್ಲಿ ಹೈದರಾಬಾದ್ ಸಮೀಕ್ಷೆಯ ಅವಕಾಶ ಬಂದಾಗ ಅವರು ಸಂಬಳವನ್ನು ಅಪೇಕ್ಷಿಸಲಿಲ್ಲ. ಶಿಬಿರದ ವೆಚ್ಚವಷ್ಟೇ ಸಾಕೆಂದರು. ಪತ್ನಿ ತೆಹಮೀನಾ ಅವರೂ ಆ ಅಲೆದಾಟಕ್ಕೆ ಜೊತೆಯಾದರು. ಸಮೀಕ್ಷೆಯ ಫಲಿತಾಂಶಗಳು ಸಂಘದ ನಿಯತಕಾಲಿಕೆಯಲ್ಲಿ ಪ್ರಕಟವಾದವು. 1939ರಲ್ಲಿ ಶಸ್ತ್ರಚಿಕಿತ್ಸೆಯ ಬಳಿಕ ತೆಹಮೀನಾ ತೀರಿಕೊಂಡರು. ಆ ದುಃಖವನ್ನು ನುಂಗಿಕೊಂಡೇ ಅವರು ಮೈಸೂರು ಸಂಸ್ಥಾನದ ಸಮೀಕ್ಷೆಗೆ ಹೊರಟರು. ಅವರ ಒತ್ತಾಸೆಯಿಂದಲೇ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು.

1941ರಲ್ಲಿ ಹೊರಬಂದ ಅವರ ಭಾರತೀಯ ಪಕ್ಷಿಗಳ ಪುಸ್ತಕವು ಸಾಮಾನ್ಯ ಓದುಗರಿಗೂ ಪಕ್ಷಿವೀಕ್ಷಣೆಯ ಹವ್ಯಾಸ ಹಿಡಿಸಿತು. ರಿಪ್ಲಿ ಅವರೊಡನೆ ರಚಿಸಿದ ಕೈಪಿಡಿ 10 ಸಂಪುಟಗಳಿಗೆ ಬೆಳೆಯಿತು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಅವರನ್ನು ಅರಸಿ ಬಂದವು. 1985ರಲ್ಲಿ ಅವರು ರಾಜ್ಯಸಭೆಗೆ ನಾಮಕರಣಗೊಂಡರು. 1987ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ನಿಧನ ಹೊಂದಿದರು.

ಅಂಕಪಟ್ಟಿಯಲ್ಲಿ ಹಿಂದುಳಿದ ಮಗುವನ್ನು ನಾವು ಎಷ್ಟು ಬೇಗ ಅಳೆದುಬಿಡುತ್ತೇವೆ! ಕಾಗಿಣಾ ತೀರದ ಈಚಲು ಮರವನ್ನಾಗಲಿ ತೊಗರಿ ಹೊಲದ ಬದುವನ್ನಾಗಲಿ ದಿಟ್ಟಿಸುತ್ತ ನಿಂತ ಬಾಲಕನೊಬ್ಬ ಇದಾವ ಹಕ್ಕಿಯೆಂದು ಕೇಳಿದರೆ, ಶಿಕ್ಷಕರೂ ಪೋಷಕರೂ ಆದ ನಾವು ಅವನೊಡನೆ ಸ್ವಲ್ಪ ಹೊತ್ತು ನಿಲ್ಲೋಣ. ಉತ್ತರ ತಿಳಿಯದಿದ್ದರೆ ಅವನೊಡನೆಯೇ ಹುಡುಕೋಣ. ನೂರು ವರ್ಷ ತುಂಬಿದ ಶಾಲೆ ತನ್ನ ಮುಂದಿನ ಮಕ್ಕಳಿಗೆ ಕೊಡಬಹುದಾದ ದೊಡ್ಡ ಕೊಡುಗೆ ಇದೇ ಎಂದು ನಾವು ನಂಬಿದ್ದೇವೆ.