ಮೂತ್ರಪಿಂಡಕ್ಕೆ ಶಾಯಿ ಹಾಯಿಸಿದ ಮಾಲ್ಪೀಗಿ

ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಹತ್ತನೇ ತರಗತಿ ಮುಗಿಸಿದ ನಾವೆಲ್ಲ ಮೂತ್ರಪಿಂಡದ ನೆಫ್ರಾನ್ ಚಿತ್ರ ಬರೆದು ಅಭ್ಯಾಸ ಮಾಡಿದವರೇ. ಆ ಚಿತ್ರದ ಒಂದು ತುದಿಯಲ್ಲಿ ದಾರದುಂಡೆಯಂತೆ ಸುತ್ತಿಕೊಂಡ ರಕ್ತನಾಳಗಳ ಗಂಟು ಇರುತ್ತದೆ. ಅದನ್ನು ಮೊದಲು ಕಂಡು ಲೋಕಕ್ಕೆ ತಿಳಿಸಿದವರು ಇಟಲಿಯ ವೈದ್ಯ ಮಾರ್ಚೆಲ್ಲೊ ಮಾಲ್ಪೀಗಿ.

1628ರ ಮಾರ್ಚ್ 10ರಂದು ಬೊಲೊನ್ಯಾ ನಗರದ ಸಮೀಪದ ಕ್ರೆವಾಲ್ಕೋರೆ ಎಂಬಲ್ಲಿ ಅವರು ಹುಟ್ಟಿದರು. ವಿಶ್ವವಿದ್ಯಾಲಯ ಸೇರಿದ ಮೂರೇ ವರ್ಷಕ್ಕೆ, 1649ರಲ್ಲಿ, ತಂದೆ ತಾಯಿ ಇಬ್ಬರೂ ತೀರಿಕೊಂಡರು. ಓದು ಬಿಟ್ಟು ಮನೆಯ ಜವಾಬ್ದಾರಿ ಹೊರಬೇಕಾಯಿತು. ಆದರೂ ಓದಿಗೆ ಮರಳಿ 1653ರಲ್ಲಿ ವೈದ್ಯ ಪದವಿ ಪಡೆದರು.

ಆಗ ಮೈಕ್ರೋಸ್ಕೋಪ್ ಹೊಸ ಸಾಧನ. ಹೃದಯದಿಂದ ಹೊರಟ ರಕ್ತ ಮತ್ತೆ ಹೃದಯಕ್ಕೇ ಮರಳುತ್ತದೆ ಎಂದು ಇಂಗ್ಲೆಂಡಿನ ವಿಲಿಯಂ ಹಾರ್ವೆ ತೋರಿಸಿದ್ದರು. ಆದರೆ ಅಪಧಮನಿಯಿಂದ ಅಭಿಧಮನಿಗೆ ರಕ್ತ ದಾಟುವ ದಾರಿ ಅವರಿಗೆ ಕಂಡಿರಲಿಲ್ಲ. ಮಾಲ್ಪೀಗಿ ಆರಿಸಿಕೊಂಡದ್ದು ಕಪ್ಪೆಯನ್ನು. ಅದರ ಶ್ವಾಸಕೋಶ ತೆಳ್ಳಗೆ, ಬೆಳಕು ಹಾಯುವಂತಿರುತ್ತದೆ. ಅದರಲ್ಲಿ ಅವರು ಲೋಮನಾಳಗಳನ್ನು ಕಂಡು 1661ರಲ್ಲಿ ಪ್ರಕಟಿಸಿದರು.

ಮೂತ್ರಪಿಂಡ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಅದು ಗಟ್ಟಿ, ಕೊಯ್ದರೆ ಎಲ್ಲವೂ ಒಂದೇ ಬಣ್ಣ. ಮಾಲ್ಪೀಗಿ ಮದ್ಯಸಾರದಲ್ಲಿ ಕಪ್ಪು ದ್ರವ ಬೆರೆಸಿ ಮೂತ್ರಪಿಂಡದ ಅಪಧಮನಿಗೆ ಹಾಯಿಸಿದರು. ಆಗ ರಕ್ತನಾಳದ ಕವಲುಗಳ ತುದಿಯಲ್ಲಿ, ಮರದ ಕೊಂಬೆಗೆ ಹಣ್ಣು ತೂಗಿದಂತೆ, ಕಪ್ಪು ಉಂಡೆಗಳು ಎದ್ದು ಕಂಡವು. 1666ರಲ್ಲಿ ಇದನ್ನು ಪುಸ್ತಕವಾಗಿ ಪ್ರಕಟಿಸಿದರು. ಮೂತ್ರ ಬೇರ್ಪಡುವುದು ಈ ಉಂಡೆಗಳಲ್ಲೇ ಇರಬೇಕೆಂದು ಅವರು ಊಹಿಸಿದರು. ಆದರೆ ಉಂಡೆಗೂ ಮೂತ್ರನಾಳಿಕೆಗೂ ಇರುವ ನಂಟನ್ನು ಕಣ್ಣಾರೆ ತೋರಿಸಲು ಅವರಿಂದಾಗಲಿಲ್ಲ. ಅದನ್ನು ವಿಲಿಯಂ ಬೋಮನ್ ಸಾಧಿಸಿದ್ದು 1842ರಲ್ಲಿ, 176 ವರ್ಷಗಳ ನಂತರ.

ನಮ್ಮ ಕಡೆಯ ರೇಷ್ಮೆ ಬೆಳೆಗಾರರಿಗೆ ಪರಿಚಿತವಾದ ರೇಷ್ಮೆ ಹುಳುವನ್ನೂ ಮಾಲ್ಪೀಗಿ ಬಿಡಿಸಿ ನೋಡಿದರು. ಅದಕ್ಕೆ ಶ್ವಾಸಕೋಶವಿಲ್ಲ, ಮೈಬದಿಯ ರಂಧ್ರಗಳಿಂದ ಉಸಿರಾಡುತ್ತದೆ ಎಂದು ತೋರಿಸಿದ ಪುಸ್ತಕವನ್ನು 1669ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಹೊರತಂದಿತು. ಕೀಟಗಳಲ್ಲಿ ಮೂತ್ರಪಿಂಡದಂತೆ ಕೆಲಸ ಮಾಡುವ ನಾಳಗಳಿಗೆ ಇಂದಿಗೂ ಅವರದೇ ಹೆಸರಿದೆ.

1684ರಲ್ಲಿ ಅವರ ಮನೆಗೆ ಬೆಂಕಿ ಬಿದ್ದು ಮೈಕ್ರೋಸ್ಕೋಪುಗಳು, ಬರಹಗಳು ನಾಶವಾದವು. 1691ರಲ್ಲಿ ಪೋಪ್ ಅವರ ವೈದ್ಯರಾಗಿ ರೋಮ್ ಸೇರಿದ ಅವರು 1694ರ ನವೆಂಬರ್‌ನಲ್ಲಿ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಶವಪರೀಕ್ಷೆ ಮಾಡಿದಾಗ ಅವರ ಬಲ ಮೂತ್ರಪಿಂಡ ಎಡದ್ದರ ಅರ್ಧದಷ್ಟೇ ಇತ್ತು. ಮೂತ್ರಪಿಂಡದ ಒಳಗುಟ್ಟು ಬಿಡಿಸಿದವರು ಅದರದೇ ಕಾಯಿಲೆ ಹೊತ್ತು ಬದುಕಿದ್ದರು.

ಬಣ್ಣ ಹಾಯಿಸಿ ಕಾಣದ್ದನ್ನು ಕಾಣುವ ಅವರ ದಾರಿ ಅಲ್ಲಿಗೇ ನಿಲ್ಲಲಿಲ್ಲ. 1898ರಲ್ಲಿ ಕಾರ್ಲ್ ಝಿಮ್ಮರ್‌ಮನ್ ಎಂಬ ವಿಜ್ಞಾನಿ ಮೂತ್ರನಾಳಿಕೆಯ ಜೀವಕೋಶಗಳ ಮೇಲೆ ಒಂದೊಂದೇ ಸಣ್ಣ ಲೋಮಾಂಗ ಇರುವುದನ್ನು ವಿವರಿಸಿದರು. ಇಂದು ಪ್ರಯೋಗಾಲಯಗಳಲ್ಲಿ ಮೂತ್ರಪಿಂಡದ ಜೀವಕೋಶಗಳನ್ನು ತಟ್ಟೆಯಲ್ಲಿ ಬೆಳೆಸುತ್ತಾರೆ. ಪೋಷಣೆಯ ಸೀರಮ್ ಕಡಿಮೆ ಮಾಡಿದರೆ ಅವು ವಿಭಜನೆ ನಿಲ್ಲಿಸಿ ಲೋಮಾಂಗ ಬೆಳೆಸಿಕೊಳ್ಳುತ್ತವೆ. ಲೋಮಾಂಗದ ಪ್ರೋಟೀನಿಗೆ ಅಂಟುವ ಪ್ರತಿಕಾಯಕ್ಕೆ ಹೊಳೆಯುವ ಬಣ್ಣ ಜೋಡಿಸಿದರೆ, ಮೈಕ್ರೋಸ್ಕೋಪಿನಲ್ಲಿ ಅದು ಪುಟ್ಟ ಕಡ್ಡಿಯಂತೆ ಬೆಳಗುತ್ತದೆ. ಈ ಲೋಮಾಂಗ ಕೆಟ್ಟರೆ ಮೂತ್ರಪಿಂಡದ ತುಂಬ ನೀರುಗುಳ್ಳೆಗಳು ಏಳುವ ವಂಶಪಾರಂಪರ್ಯ ಕಾಯಿಲೆ ಬರುತ್ತದೆಂದು ತಿಳಿದದ್ದು ಇಂಥ ನೋಟಗಳಿಂದಲೇ.

ಪಾವಗಡದ ಕೊಳವೆಬಾವಿ ನೀರಿನ ಫ್ಲೋರೈಡ್ ಹಲ್ಲಿಗೆ ಕಲೆ ಹಾಕುವುದನ್ನು, ಮೂಳೆ ಕೀಲುಗಳನ್ನು ಬಿಗಿಸುವುದನ್ನು ನಾವು ಬಲ್ಲೆವು. ದೇಹ ಸೇರಿದ ಫ್ಲೋರೈಡನ್ನು ಹೊರಹಾಕುವ ಮುಖ್ಯ ಕೆಲಸ ಮೂತ್ರಪಿಂಡದ್ದು. ಅದು ದುರ್ಬಲವಾದರೆ ಫ್ಲೋರೈಡ್ ಮೈಯಲ್ಲೇ ಹೆಚ್ಚು ಉಳಿಯುತ್ತದೆ. ಹಾಗಾಗಿ ನೆಫ್ರಾನ್ ಚಿತ್ರವನ್ನು ನಾವು ಅಂಕಕ್ಕಾಗಿ ಮಾತ್ರ ಕಲಿತು ಮರೆತರೆ ಸಾಲದು. ಕುಡಿಯುವ ನೀರನ್ನು ಪರೀಕ್ಷೆ ಮಾಡಿಸುವಂತೆ ಊರಿನಲ್ಲಿ ಕೇಳುವ ಯುವಕ ಯುವತಿಯರಿಗೆ ಆ ಚಿತ್ರದ ಅರ್ಥ ಗೊತ್ತಿರಬೇಕು.